ಓದುಗರ ಪ್ರಶ್ನೆ: ಅಲಬಾಮಾ ಹಡಗು ಮತ್ತು ಬ್ರಿಟನ್ ತೆತ್ತ ದಂಡ

ಪ್ರಶ್ನೆ: ನಮ್ಮ ಅಂತರರಾಷ್ಟ್ರೀಯ ಕಾನೂನಿನ ಪಠ್ಯದಲ್ಲಿ ‘ಅಲಬಾಮಾ ಪ್ರಕರಣ’ದ ಹೆಸರು ಒಂದೇ ಪ್ಯಾರಾದಲ್ಲಿ ಬಂದುಹೋಗುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಬ್ರಿಟನ್ ತಟಸ್ಥವಾಗಿತ್ತು ಎಂದು ಓದಿದ್ದೇವೆ. ಹಾಗಿದ್ದ ಮೇಲೆ ಒಂದು ಹಡಗಿನ ದೆಸೆಯಿಂದ ಅದು ಅಮೆರಿಕಕ್ಕೆ ಪರಿಹಾರ ಕೊಡಬೇಕಾಗಿ ಬಂದದ್ದೇಕೆ? ಆ ಹಡಗಿನ ಚರಿತ್ರೆಯನ್ನು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಯುದ್ಧದಲ್ಲಿ ಯಾರ ಪಕ್ಷವನ್ನೂ ವಹಿಸದೆ ಸುಮ್ಮನಿದ್ದರೆ ಸಾಲದು, ತನ್ನ ನೆಲದಲ್ಲಿ ಕಟ್ಟಿದ ಹಡಗು ಒಂದು ಪಕ್ಷದ ಯುದ್ಧನೌಕೆಯಾಗಿ ಹೊರಟುಹೋಗದಂತೆ ತಡೆಯುವುದೂ ತಟಸ್ಥ ರಾಷ್ಟ್ರದ ಹೊಣೆ ಎಂಬ ನಿಯಮ ಗಟ್ಟಿಯಾಗಿ ನೆಲೆಗೊಂಡದ್ದು ಈ ಹಡಗಿನಿಂದ. ಬ್ರಿಟನ್ನಿಗೆ ಆ ಹೊಣೆಯ ಅರಿವು ಇರಲಿಲ್ಲವೆಂದಲ್ಲ. ಅರಿವಿತ್ತು, ಎಚ್ಚರಿಕೆಯೂ ಸಿಕ್ಕಿತ್ತು, ಆದರೆ ಸಕಾಲದಲ್ಲಿ ಕೈ ಮುಂದಾಗಲಿಲ್ಲ. ಪ್ರಕರಣದ ತಿರುಳೆಲ್ಲ ಆ ತಡದಲ್ಲಿದೆ.

1861ರಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಅಮೆರಿಕದ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಕಾನ್ಫೆಡರೇಟ್ ಸರ್ಕಾರವೆಂದು ತಮ್ಮದೇ ಆಡಳಿತ ಹೂಡಿದಾಗ, ಅಧ್ಯಕ್ಷ ಲಿಂಕನ್ ಅವುಗಳ ಬಂದರುಗಳಿಗೆಲ್ಲ ನೌಕಾ ದಿಗ್ಬಂಧನ ಹಾಕಿದರು. ದಕ್ಷಿಣದವರ ಬಳಿ ಹತ್ತಿಯಿತ್ತು, ಆದರೆ ಹೇಳಿಕೊಳ್ಳುವಂಥ ನೌಕಾಪಡೆಯಾಗಲಿ ಹಡಗು ಕಟ್ಟುವ ಕಾರ್ಖಾನೆಗಳಾಗಲಿ ಇರಲಿಲ್ಲ. ಎದುರಾಳಿಯ ಯುದ್ಧನೌಕೆಗಳನ್ನು ನೇರವಾಗಿ ಎದುರಿಸಲಾಗದವರು ಅವನ ವ್ಯಾಪಾರಿ ಹಡಗುಗಳನ್ನು ಬೇಟೆಯಾಡುವುದು ಹಳೆಯ ರೂಢಿ. ಅಂಥ ಕೆಲಸಕ್ಕೆ ದೂರದ ಕಡಲುಗಳಲ್ಲಿ ಒಂಟಿಯಾಗಿ ತಿರುಗಾಡುವ ವೇಗದ ಹಡಗುಗಳನ್ನು ಆಗ ಕ್ರೂಸರ್ ಎನ್ನುತ್ತಿದ್ದರು. ಅವುಗಳನ್ನು ಕಟ್ಟಿಸಿ ತರಲು ಜೇಮ್ಸ್ ಡನ್‌ವುಡಿ ಬುಲಾಕ್ ಎಂಬ ಅಧಿಕಾರಿಯನ್ನು ಕಾನ್ಫೆಡರೇಟ್ ಸರ್ಕಾರ ಲಿವರ್‌ಪೂಲಿಗೆ ಕಳುಹಿಸಿತು.

ಲಿವರ್‌ಪೂಲಿನ ಎದುರು ದಡದಲ್ಲಿರುವ ಬರ್ಕನ್‌ಹೆಡ್‌ನ ಲೇರ್ಡ್ ಕಾರ್ಖಾನೆಯೊಂದಿಗೆ ಬುಲಾಕ್ ಒಂದು ಹಡಗು ಕಟ್ಟಿಸಲು 47,500 ಪೌಂಡಿಗೆ ಕರಾರು ಮಾಡಿಕೊಂಡರು. ಕಾರ್ಖಾನೆಯ ಲೆಕ್ಕದಲ್ಲಿ ಅದಕ್ಕೆ ಇದ್ದುದು ಹೆಸರಲ್ಲ, 290 ಎಂಬ ಕ್ರಮಸಂಖ್ಯೆ ಮಾತ್ರ. ಸುಮಾರು 220 ಅಡಿ ಉದ್ದದ, ಮರದ ಒಡಲಿನ, ಮೂರು ಕೂವೆಮರಗಳ ಈ ಹಡಗಿಗೆ ಹಾಯಿಯೂ ಇತ್ತು, ಉಗಿ ಎಂಜಿನ್ನೂ ಇತ್ತು. ಹಾಯಿಯಲ್ಲಿ ಸಾಗುವಾಗ ಪ್ರೊಪೆಲ್ಲರ್ ನೀರಿನಲ್ಲಿದ್ದು ವೇಗ ಕುಗ್ಗಿಸಬಾರದೆಂದು ಅದನ್ನು ಹಿಂಭಾಗದ ಬಾವಿಯಂಥ ಕಂಡಿಯೊಳಗೆ ಮೇಲಕ್ಕೆ ಎತ್ತಿಡುವ ಏರ್ಪಾಡು ಮಾಡಿದ್ದರು. ಸಮುದ್ರದ ನೀರನ್ನು ಸಿಹಿನೀರಾಗಿಸುವ ಯಂತ್ರವೂ ಇತ್ತು. ಕಲ್ಲಿದ್ದಲಿಗೂ ಕುಡಿಯುವ ನೀರಿಗೂ ಪದೇ ಪದೇ ಬಂದರಿಗೆ ಹೋಗದೆ ತಿಂಗಳುಗಟ್ಟಲೆ ಕಡಲಿನಲ್ಲೇ ಇರಬಲ್ಲ ಹಡಗು ಬೇಕೆಂಬುದು ಬುಲಾಕ್ ಅವರ ಲೆಕ್ಕಾಚಾರವಾಗಿತ್ತು, ಮತ್ತು ಆ ಲೆಕ್ಕಾಚಾರ ಚೂರೂ ತಪ್ಪಲಿಲ್ಲ. 1862ರ ಮೇ ತಿಂಗಳಲ್ಲಿ ಎನ್ರಿಕಾ ಎಂಬ ಹೆಸರಿನಲ್ಲಿ ಅದು ನೀರಿಗಿಳಿಯಿತು.

ಬ್ರಿಟನ್ನಿನ 1819ರ ವಿದೇಶಿ ಸೇನಾಭರ್ತಿ ಕಾಯ್ದೆಯು ಮಿತ್ರರಾಷ್ಟ್ರದ ವಿರುದ್ಧ ಬಳಸಲು ದೇಶದೊಳಗೆ ಹಡಗನ್ನು ಯುದ್ಧಕ್ಕೆ ಸಜ್ಜುಗೊಳಿಸುವುದನ್ನು ನಿಷೇಧಿಸಿತ್ತು. ಬುಲಾಕ್ ಅವರ ವಕೀಲರು ಅದರಲ್ಲಿ ಒಂದು ಸಂದು ಕಂಡುಹಿಡಿದರು: ಹಡಗನ್ನು ಇಲ್ಲಿ ಬರಿದಾಗಿ ಕಟ್ಟಿ, ತೋಪು ಮದ್ದುಗಳನ್ನು ಬೇರೆ ಹಡಗಿನಲ್ಲಿ ಸಾಗಿಸಿ, ಬ್ರಿಟಿಷ್ ಗಡಿಯಾಚೆ ಎರಡನ್ನೂ ಕೂಡಿಸಿದರೆ ಕಾಯ್ದೆಯ ಮಾತು ಮುರಿದಂತಾಗುವುದಿಲ್ಲ. ಲಿವರ್‌ಪೂಲಿನಲ್ಲಿದ್ದ ಅಮೆರಿಕದ ಕಾನ್ಸಲ್ ಥಾಮಸ್ ಡಡ್ಲಿ ಸುಮ್ಮನೆ ಕೂರಲಿಲ್ಲ. ಹಡಗು ಯಾರದು, ಯಾತಕ್ಕೆ ಎಂಬುದಕ್ಕೆ ಪ್ರಮಾಣಪತ್ರಗಳನ್ನು ಒಂದೊಂದಾಗಿ ಕಲೆಹಾಕಿದರು. ಲಂಡನ್ನಿನಲ್ಲಿದ್ದ ರಾಯಭಾರಿ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ ಅವನ್ನು ಬ್ರಿಟಿಷ್ ವಿದೇಶಾಂಗ ಕಚೇರಿಗೆ ತಲುಪಿಸಿದರು. ಕಾಯ್ದೆ ಉಲ್ಲಂಘನೆಗೆ ಇದಕ್ಕಿಂತ ಬಲವಾದ ಪುರಾವೆ ಸಿಗುವುದು ಕಷ್ಟ, ಹಡಗನ್ನು ತಡೆಹಿಡಿಯಲೇಬೇಕು ಎಂದು ಹೆಸರಾಂತ ಬ್ಯಾರಿಸ್ಟರ್ ರಾಬರ್ಟ್ ಕಾಲಿಯರ್ ಜುಲೈ 23ರಂದು ಲಿಖಿತ ಅಭಿಪ್ರಾಯ ಕೊಟ್ಟರು.

ಕಾಗದಪತ್ರಗಳು ಸರ್ಕಾರದ ಕಾನೂನು ಅಧಿಕಾರಿ ಸರ್ ಜಾನ್ ಹಾರ್ಡಿಂಗ್ ಅವರ ಮನೆಗೆ ಹೋದವು. ಅದೇ ಹೊತ್ತಿಗೆ ಹಾರ್ಡಿಂಗ್ ಮಾನಸಿಕ ಅಸ್ವಸ್ಥತೆಗೆ ತುತ್ತಾಗಿದ್ದರು. ತುರ್ತು ಕಡತಗಳು ಅವರ ಮನೆಯಲ್ಲಿ ಕೆಲವು ದಿನ ಹಾಗೆಯೇ ಬಿದ್ದಿದ್ದವು. ಒಬ್ಬ ಅಧಿಕಾರಿಯ ಕಾಯಿಲೆಯನ್ನು ಯಾರೂ ಅಪರಾಧವೆನ್ನಲಾರರು. ಆದರೆ ಆ ಕುರ್ಚಿ ಖಾಲಿಯಾದಾಗ ಕೆಲಸ ನೋಡಿಕೊಳ್ಳಲು ಬದಲಿ ವ್ಯವಸ್ಥೆಯೇ ಇಲ್ಲದ ಸರ್ಕಾರದ ಆಲಸ್ಯಕ್ಕೆ ಕ್ಷಮೆಯಿಲ್ಲ ಎಂಬುದು ನನ್ನ ಅಭಿಮತ, ಮುಂದೆ ನ್ಯಾಯಮಂಡಳಿಯೂ ಹೆಚ್ಚು ಕಡಿಮೆ ಹೀಗೆಯೇ ನೋಡಿತು. ಉಳಿದ ಕಾನೂನು ಅಧಿಕಾರಿಗಳು ಕಡತಗಳನ್ನು ತರಿಸಿಕೊಂಡು ನೋಡಿ, ಹಡಗನ್ನು ತಡೆಯಬೇಕೆಂದು ಜುಲೈ 29ರಂದು ಅಭಿಪ್ರಾಯ ಕೊಟ್ಟರು. ಅದೇ ದಿನ ಬೆಳಿಗ್ಗೆ ಎನ್ರಿಕಾ ಬಾವುಟಗಳನ್ನು ಕಟ್ಟಿಕೊಂಡು, ಅತಿಥಿಗಳನ್ನೂ ಕೆಲವು ಮಹಿಳೆಯರನ್ನೂ ಕೂರಿಸಿಕೊಂಡು, ಪರೀಕ್ಷಾರ್ಥ ಪಯಣವೆಂಬ ನೆಪದಲ್ಲಿ ಮರ್ಸಿ ನದಿಯಿಂದ ಹೊರಟಿತ್ತು. ಬುಲಾಕ್ ಅತಿಥಿಗಳನ್ನೆಲ್ಲ ಒಂದು ಟಗ್ ದೋಣಿಗೆ ದಾಟಿಸಿ ಹಿಂದಕ್ಕೆ ಕಳುಹಿಸಿದರು. ಹಡಗು ವೇಲ್ಸ್‌ನ ಆಂಗಲ್‌ಸೀ ತೀರದಲ್ಲಿ ಕೊಂಚ ತಂಗಿ, ತನಗಾಗಿ ಕಾಯುತ್ತಿದ್ದ ಅಮೆರಿಕದ ಯುದ್ಧನೌಕೆ ಟಸ್ಕರೋರಾದ ಕಣ್ಣು ತಪ್ಪಿಸಲು ಐರ್ಲೆಂಡಿನ ಉತ್ತರದಿಂದ ಸುತ್ತಿಕೊಂಡು ಅಟ್ಲಾಂಟಿಕ್ ಸೇರಿತು.

ಅಝೋರ್ಸ್ ದ್ವೀಪಗಳ ಟೆರ್ಸೇರಾ ಬಳಿ ಲಂಡನ್ನಿನಿಂದ ಬಂದ ಅಗ್ರಿಪ್ಪಿನಾ ಹಡಗು ತೋಪುಗಳನ್ನೂ ಕಲ್ಲಿದ್ದಲನ್ನೂ ಕೊಟ್ಟಿತು. ಬಹಾಮಾ ಎಂಬ ಮತ್ತೊಂದು ಹಡಗು ಕಪ್ತಾನ ರಫಾಯೆಲ್ ಸೆಮ್ಸ್ ಮತ್ತು ಅವರ ಅಧಿಕಾರಿಗಳನ್ನು ಕರೆತಂದಿತು. 1862ರ ಆಗಸ್ಟ್ 24, ಭಾನುವಾರ, ತೀರದಿಂದ ದೂರ ಸರಿದು, ಬ್ರಿಟಿಷ್ ಬಾವುಟ ಇಳಿಸಿ ಕಾನ್ಫೆಡರೇಟ್ ಬಾವುಟ ಏರಿಸಿದರು. ಎನ್ರಿಕಾ ಅಲಬಾಮಾ ಆಯಿತು. ಅಧಿಕಾರಿಗಳು ಅಮೆರಿಕದ ದಕ್ಷಿಣದ ರಾಜ್ಯಗಳವರಾದರೂ ಖಲಾಸಿಗಳಲ್ಲಿ ಬಹುಪಾಲು ಜನ ಲಿವರ್‌ಪೂಲಿನ ಬ್ರಿಟಿಷರು. ದುಪ್ಪಟ್ಟು ಸಂಬಳ, ಅದೂ ಚಿನ್ನದಲ್ಲಿ, ಎಂದಾಗ ಎಂಬತ್ತಕ್ಕೂ ಹೆಚ್ಚು ಮಂದಿ ಅಲ್ಲಿಯೇ ಸಹಿ ಹಾಕಿದರು.

ಮುಂದಿನ ಸುಮಾರು ಎರಡು ವರ್ಷಗಳಲ್ಲಿ ಈ ಹಡಗು ಹತ್ತಿರ ಹತ್ತಿರ 75,000 ಮೈಲಿ ಸಂಚರಿಸಿ ಸುಮಾರು 65 ಹಡಗುಗಳನ್ನು ಹಿಡಿಯಿತು. ತಾನು ಯಾರ ಬಾವುಟ ಹೊತ್ತಿತ್ತೋ ಅವರ ಒಂದು ಬಂದರನ್ನೂ ಅದು ಕಾಣಲಿಲ್ಲ. ಬ್ರಿಟಿಷ್ ಅಥವಾ ಅಮೆರಿಕದ ಬಾವುಟ ಹಾರಿಸಿಕೊಂಡು ಸಮೀಪಿಸುವುದು, ಹತ್ತಿರ ಬಂದ ಮೇಲೆ ನಿಜವಾದ ಬಾವುಟ ತೋರಿಸಿ ಒಂದು ಖಾಲಿ ಗುಂಡು ಹಾರಿಸುವುದು, ಕಪ್ತಾನನನ್ನು ಕಾಗದಪತ್ರಗಳ ಸಮೇತ ಸೆಮ್ಸ್ ಅವರ ಕ್ಯಾಬಿನ್ನಿಗೆ ಕರೆತರುವುದು, ಇದು ಪದ್ಧತಿ. ಹಿಡಿದ ಹಡಗನ್ನು ಒಳಗೆ ಬಿಟ್ಟುಕೊಳ್ಳಲು ಯಾವ ತಟಸ್ಥ ಬಂದರೂ ಒಪ್ಪದ್ದರಿಂದ ವಿಚಾರಣೆಯೂ ತೀರ್ಪೂ ಆ ಕ್ಯಾಬಿನ್ನಿನಲ್ಲೇ ಆಗುತ್ತಿತ್ತು. ಸರಕು ತಟಸ್ಥ ದೇಶದವರದಾಗಿದ್ದರೆ ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತಿದ್ದರು. ಇಲ್ಲವಾದರೆ ಜನರನ್ನು ಇಳಿಸಿಕೊಂಡು, ಬೇಕಾದ ದಿನಸಿಯನ್ನೂ ಸಮಯಮಾಪಕ ಗಡಿಯಾರಗಳನ್ನೂ ತೆಗೆದುಕೊಂಡು, ಹಾಸಿಗೆಗಳ ಹುಲ್ಲನ್ನು ಕಿತ್ತು ಹರಡಿ, ಅಡುಗೆಕೋಣೆಯಲ್ಲಿ ಸಿಕ್ಕ ಕೊಬ್ಬು ಬೆಣ್ಣೆಗಳನ್ನು ಅದರ ಮೇಲೆ ಸುರಿದು, ಹಡಗಿನ ಬೇರೆ ಬೇರೆ ಕಡೆ ಒಟ್ಟಿಗೆ ಬೆಂಕಿ ಇಡುತ್ತಿದ್ದರು. 1863ರ ಜನವರಿ 11ರ ರಾತ್ರಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಳಿ ಹ್ಯಾಟೆರಾಸ್ ಎಂಬ ಅಮೆರಿಕದ ಯುದ್ಧನೌಕೆಯನ್ನೂ ಹದಿಮೂರು ನಿಮಿಷಗಳಲ್ಲಿ ಮುಳುಗಿಸಿ, ಅದರ ನಾವಿಕರನ್ನು ನೀರಿನಿಂದೆತ್ತಿ ಜಮೈಕಾದಲ್ಲಿ ಇಳಿಸಿದರು.

ಸುಟ್ಟ ಹಡಗುಗಳಿಗಿಂತ ದೊಡ್ಡ ನಷ್ಟವಾದದ್ದು ಭಯದಿಂದ. ಅಮೆರಿಕದ ಬಾವುಟ ಹಾರಿಸುವ ಹಡಗುಗಳಿಗೆ ವಿಮಾ ದರ ಏರಿತು, ಸರಕು ಕೊಡುವವರು ಹಿಂಜರಿದರು, ನೂರಾರು ಹಡಗುಗಳನ್ನು ಮಾಲೀಕರು ಬ್ರಿಟಿಷರಿಗೆ ಮಾರಿದರು ಇಲ್ಲವೆ ಬ್ರಿಟಿಷ್ ಬಾವುಟಕ್ಕೆ ವರ್ಗಾಯಿಸಿದರು. ಅಮೆರಿಕದವರ ಕೋಪ ಇದರಿಂದಲೇ ಇಮ್ಮಡಿಯಾಯಿತು: ಹಡಗು ಕಟ್ಟಿಕೊಟ್ಟವರೂ ಬ್ರಿಟಿಷರು, ಅದರಿಂದಾದ ಲಾಭ ಉಂಡವರೂ ಬ್ರಿಟಿಷರು.

ಯುದ್ಧ ಮುಗಿದ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಸೆನೆಟರ್ ಚಾರ್ಲ್ಸ್ ಸಮ್ನರ್ 1869ರಲ್ಲಿ, ಈ ಹಡಗುಗಳು ಯುದ್ಧವನ್ನೇ ಲಂಬಿಸಿದವು, ಆದ್ದರಿಂದ ಹೆಚ್ಚುವರಿ ಯುದ್ಧವೆಚ್ಚವನ್ನೂ ಬ್ರಿಟನ್ ಕಟ್ಟಿಕೊಡಬೇಕು ಎಂದು ವಾದಿಸಿ ನೂರಾರು ಕೋಟಿ ಡಾಲರುಗಳ ಲೆಕ್ಕ ಮುಂದಿಟ್ಟರು. ಇನ್ನೊಂದು ಯುದ್ಧಕ್ಕೆ ಇಷ್ಟು ಸಾಕಿತ್ತು. ಎರಡೂ ಸರ್ಕಾರಗಳು ಅದಕ್ಕೆ ಬದಲು 1871ರ ಮೇ 8ರಂದು ವಾಷಿಂಗ್ಟನ್ ಒಪ್ಪಂದಕ್ಕೆ ಸಹಿ ಹಾಕಿ, ವಿವಾದವನ್ನು ಐವರು ಮಧ್ಯಸ್ಥರ ನ್ಯಾಯಮಂಡಳಿಗೆ ಒಪ್ಪಿಸಿದವು. ಅಮೆರಿಕದಿಂದ ಅದೇ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್, ಬ್ರಿಟನ್ನಿನಿಂದ ಮುಖ್ಯ ನ್ಯಾಯಮೂರ್ತಿ ಸರ್ ಅಲೆಕ್ಸಾಂಡರ್ ಕಾಕ್‌ಬರ್ನ್, ಇಟಲಿಯ ಕೌಂಟ್ ಸ್ಕ್ಲೋಪಿಸ್, ಸ್ವಿಟ್ಜರ್ಲೆಂಡಿನ ಯಾಕೋಬ್ ಸ್ಟೆಂಪ್ಫ್ಲಿ, ಬ್ರೆಜಿಲ್‌ನ ಬ್ಯಾರನ್ ಇಟಜುಬಾ ಸದಸ್ಯರು. ಜಿನೀವಾದ ಪುರಭವನದಲ್ಲಿ ಅವರು ಕೂತ ಕೋಣೆಯನ್ನು ಇಂದಿಗೂ ಅಲಬಾಮಾ ಕೋಣೆ ಎಂದೇ ಕರೆಯುತ್ತಾರೆ.

ನಿಮ್ಮ ಪಠ್ಯಕ್ಕೆ ಮುಖ್ಯವಾದ ಅಂಶ ಇದು: ತಟಸ್ಥ ಸರ್ಕಾರ ತಕ್ಕ ಎಚ್ಚರಿಕೆ ವಹಿಸಿತೇ ಎಂಬುದನ್ನು ಅದರ ದೇಶೀಯ ಕಾಯ್ದೆಯಲ್ಲಿದ್ದ ಅವಕಾಶಗಳಿಂದ ಅಳೆಯಲಾಗದು ಎಂದು ಮಂಡಳಿ ಹೇಳಿತು. ನಮ್ಮ ಕಾಯ್ದೆಯಲ್ಲಿ ಅಧಿಕಾರ ಸಾಲದಾಗಿತ್ತು ಎಂಬ ಬ್ರಿಟನ್ನಿನ ಸಬೂಬು ಇದರೊಂದಿಗೆ ಬಿದ್ದುಹೋಯಿತು. ಸಮ್ನರ್ ಮಾದರಿಯ ಪರೋಕ್ಷ ನಷ್ಟದ ಬೇಡಿಕೆಗಳನ್ನೂ ಮಂಡಳಿ ಕೈಬಿಟ್ಟಿತು. 1872ರ ಸೆಪ್ಟೆಂಬರ್ 14ರಂದು ಅಲಬಾಮಾ, ಅದರಂಥವೇ ಕಾನ್ಫೆಡರೇಟ್ ಕ್ರೂಸರುಗಳಾದ ಫ್ಲೋರಿಡಾ, ಮತ್ತು ಮೆಲ್ಬರ್ನ್ ಬಿಟ್ಟ ನಂತರದ ಶೆನಂಡೋವಾ ಮಾಡಿದ ಹಾನಿಗೆ ಒಟ್ಟು 1 ಕೋಟಿ 55 ಲಕ್ಷ ಡಾಲರುಗಳನ್ನು ಚಿನ್ನದಲ್ಲಿ ಕೊಡಬೇಕೆಂದು ತೀರ್ಪಾಯಿತು. ಅಲಬಾಮಾ ವಿಷಯದಲ್ಲಿ ಬ್ರಿಟನ್ನಿನ ಹೊಣೆಯನ್ನು ಒಪ್ಪಿಕೊಂಡರೂ ಕಾಕ್‌ಬರ್ನ್ ತೀರ್ಪಿಗೆ ಸಹಿ ಹಾಕದೆ ದೀರ್ಘ ಭಿನ್ನಾಭಿಪ್ರಾಯ ಬರೆದರು. ಆದರೂ ಅಂದಿನ ಕಾಲದ ಅತಿ ಬಲಿಷ್ಠ ಸಾಮ್ರಾಜ್ಯ ಮರುವರ್ಷವೇ ಹಣ ಕಟ್ಟಿತು. ಕಾಯ್ದೆಯ ಆ ಹಳೆಯ ಸಂದನ್ನಂತೂ 1870ರಲ್ಲೇ ಹೊಸ ಕಾಯ್ದೆ ತಂದು ಮುಚ್ಚಿದ್ದರು.

ಪ್ರಶ್ನೆ: ಈ ಹಡಗು ಭಾರತದ ಕರಾವಳಿಗೂ ಬಂದಿತ್ತೆಂದು ಕೇಳಿದ್ದೇನೆ. ನಿಜವೇ?
– ಓದುಗರೊಬ್ಬರು, ಕುಮಟಾ

ಉತ್ತರ: ನಿಜ. 1863ರ ಕೊನೆಯಲ್ಲಿ ಕೇಪ್‌ಟೌನಿನಿಂದ ಹಿಂದೂ ಮಹಾಸಾಗರ ದಾಟಿದ ಅಲಬಾಮಾ ಸುಂಡಾ ಜಲಸಂಧಿಯ ಸುತ್ತಮುತ್ತ ಮೂರು ಹಡಗುಗಳನ್ನು ಸುಟ್ಟು ಡಿಸೆಂಬರಿನಲ್ಲಿ ಸಿಂಗಪುರ ತಲುಪಿತು. ಅಲ್ಲಿ ಇದರ ಭಯದಿಂದಲೇ ಇಪ್ಪತ್ತಕ್ಕೂ ಹೆಚ್ಚು ಅಮೆರಿಕನ್ ಹಡಗುಗಳು ಲಂಗರು ಹಾಕಿ ನಿಂತಿದ್ದವು. ಡಿಸೆಂಬರ್ 24ರಂದು ಮಲಕ್ಕಾ ಜಲಸಂಧಿಯಲ್ಲಿ ಮಾರ್ಟಬನ್ ಎಂಬ ಹಡಗು ಎದುರಾಯಿತು. ಬರ್ಮಾದ ಮೌಲ್ಮೇನಿನಿಂದ ಅಕ್ಕಿ ತುಂಬಿಕೊಂಡು ಬರುತ್ತಿದ್ದ ಆ ಹಡಗಿನಲ್ಲಿ ಎಲ್ಲ ಕಾಗದಗಳೂ ಬ್ರಿಟಿಷ್, ಬಾವುಟವೂ ಬ್ರಿಟಿಷ್. ಆದರೆ ಅದು ಕೆಲವೇ ದಿನಗಳ ಹಿಂದಿನವರೆಗೆ ಟೆಕ್ಸನ್ ಸ್ಟಾರ್ ಎಂಬ ಅಮೆರಿಕನ್ ಹಡಗಾಗಿತ್ತು, ಮಾರಾಟ ಬರೀ ಕಾಗದದ ಮೇಲಿನದು. ಸೆಮ್ಸ್ ಅದನ್ನು ಸುಟ್ಟರು. ಬಳಿಕ ಅದರ ಕಪ್ತಾನ ಪ್ರಮಾಣ ಮಾಡಿ ನಿಜ ಒಪ್ಪಿಕೊಂಡ.

ಅಲ್ಲಿಂದ ಸಿಂಹಳವನ್ನು ಸುತ್ತಿ ಮಲಬಾರ್ ಕರಾವಳಿಗೆ ಬಂದ ಅಲಬಾಮಾ 1864ರ ಜನವರಿ 14ರಂದು, ಮುಂಬೈಯಿಂದ ಸರಕಿಲ್ಲದೆ ಬರ್ಮಾದತ್ತ ಹೊರಟಿದ್ದ ಎಮ್ಮಾ ಜೇನ್ ಎಂಬ ಅಮೆರಿಕನ್ ಹಡಗನ್ನು ಹಿಡಿದು ಸುಟ್ಟಿತು. ಸೆರೆಸಿಕ್ಕವರನ್ನು ಕೆಲವೇ ದಿನಗಳಲ್ಲಿ ತಿರುವಾಂಕೂರು ತೀರದ ಅಂಜೆಂಗೋದಲ್ಲಿ, ಅಂದರೆ ಈಗಿನ ಕೇರಳದ ಅಂಜುತೆಂಗಿನಲ್ಲಿ ಇಳಿಸಿ, ಪಶ್ಚಿಮಕ್ಕೆ ತಿರುಗಿ ಕೊಮೊರೊ ದ್ವೀಪಗಳ ಕಡೆ ಸಾಗಿತು. ನಮ್ಮ ಕನ್ನಡ ಕರಾವಳಿಯವರೆಗೆ ಅದು ಬರಲಿಲ್ಲ.

ನೀವು ಕುಮಟಾದವರಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಅಲಬಾಮಾ ಹುಟ್ಟಿದ ಯುದ್ಧದಿಂದಾಗಿ ಅಮೆರಿಕದ ಹತ್ತಿ ನಿಂತುಹೋದಾಗ ಲಿವರ್‌ಪೂಲಿನ ಪೇಟೆ ಭಾರತದ ಹತ್ತಿಗೆ ಕೈಚಾಚಿತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿದ್ದ ಕಾರಣ ಆ ಪೇಟೆಯಲ್ಲಿ ನಿಮ್ಮ ಊರ ಹೆಸರಿನದೇ ಒಂದು ಹತ್ತಿಯ ದರ್ಜೆ ಇತ್ತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿ ಕಾರವಾರ ಬಂದರನ್ನು ಬೆಳೆಸಲು ಹೊರಟದ್ದರ ಹಿಂದೆಯೂ ಈ ಹತ್ತಿಯ ಸಾಗಾಟವೇ ಇತ್ತು.

ಪ್ರಶ್ನೆ: ಕೊನೆಯ ಕಾಳಗದಲ್ಲಿ ಎದುರಾಳಿ ಹಡಗು ಪಕ್ಕಗಳಿಗೆ ಕಬ್ಬಿಣದ ಸರಪಳಿ ಕಟ್ಟಿಕೊಂಡು ಮೋಸದಿಂದ ಗೆದ್ದಿತೆಂದು ಕೆಲವರು ಬರೆಯುತ್ತಾರೆ. ಎಂಜಿನ್ ಕೋಣೆಯಲ್ಲೇ ಜೀವನ ಕಳೆದ ನನಗೆ ಇದು ಪೂರ್ತಿ ನಂಬುವಂತೆ ತೋರುವುದಿಲ್ಲ.
– ನಿವೃತ್ತ ಮೆರೀನ್ ಎಂಜಿನಿಯರ್, ಮಂಗಳೂರು

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. 1864ರ ಜೂನ್ 11ರಂದು ಫ್ರಾನ್ಸಿನ ಶೆರ್ಬೂರ್ ಬಂದರಿಗೆ ಬಂದಾಗ ಅಲಬಾಮಾ ಬಳಲಿದ ಹಡಗಾಗಿತ್ತು. ಬಾಯ್ಲರುಗಳು ಸವೆದಿದ್ದವು, ತಳಕ್ಕೆ ಹೊಡೆದ ತಾಮ್ರದ ತಗಡುಗಳು ಕಿತ್ತುಬಂದು ನೀರಿನಲ್ಲಿ ಎಳೆದಾಡುತ್ತಿದ್ದವು, ವೇಗ ಕುಂದಿತ್ತು. ಸೆಮ್ಸ್ ಅಲ್ಲಿಗೆ ಬಂದದ್ದು ಕಾಳಗಕ್ಕಲ್ಲ, ಡ್ರೈ ಡಾಕ್‌ನಲ್ಲಿ ದುರಸ್ತಿಗೆ. ಡಾಕ್ ನೌಕಾಪಡೆಯದಾದ್ದರಿಂದ ಚಕ್ರವರ್ತಿ 3ನೇ ನೆಪೋಲಿಯನ್‌ನ ಅಪ್ಪಣೆ ಬೇಕಿತ್ತು, ಚಕ್ರವರ್ತಿ ಊರಲ್ಲಿರಲಿಲ್ಲ. ಅಷ್ಟರಲ್ಲಿ ಜೂನ್ 14ರಂದು ಕಪ್ತಾನ ಜಾನ್ ವಿನ್ಸ್‌ಲೋ ಅವರ ಅಮೆರಿಕನ್ ಯುದ್ಧನೌಕೆ ಕಿಯರ್ಸಾರ್ಜ್ ಬಂದು ಬಂದರಿನ ಬಾಯಲ್ಲಿ ಕಾದು ನಿಂತಿತು. ತಡಮಾಡಿದರೆ ಇನ್ನಷ್ಟು ಹಡಗುಗಳು ಬಂದು ಸೇರುತ್ತವೆಂದು ತಿಳಿದ ಸೆಮ್ಸ್ ತಾವೇ ಕಾಳಗಕ್ಕೆ ಕರೆ ಕಳುಹಿಸಿದರು.

ಜೂನ್ 19, ಭಾನುವಾರ, ಬೆಳಿಗ್ಗೆ 11ಕ್ಕೆ ಕೆಲವು ನಿಮಿಷವಿದ್ದಾಗ ಸುಮಾರು ಒಂದು ಮೈಲಿ ದೂರದಿಂದ ಅಲಬಾಮಾ ಮೊದಲ ಗುಂಡು ಹಾರಿಸಿತು. ಎರಡೂ ಹಡಗುಗಳು ಬಲಪಕ್ಕದ ತೋಪುಗಳನ್ನೇ ಬಳಸುತ್ತ ಒಂದನ್ನೊಂದು ಸುತ್ತಿದವು. ಏಳು ಸುತ್ತು ಬರುವಷ್ಟರಲ್ಲಿ ಕಾಳಗ ಮುಗಿಯಿತು. ಅಲಬಾಮಾ 370ರಷ್ಟು ಗುಂಡು ಹಾರಿಸಿತು, ಹೆಚ್ಚಿನವು ಗುರಿ ತಪ್ಪಿದವು. ಕಿಯರ್ಸಾರ್ಜ್ ಹಾರಿಸಿದ್ದು 173. ಅದರ 11 ಅಂಗುಲದ ಎರಡು ಡಾಲ್‌ಗ್ರೆನ್ ತೋಪುಗಳ ಶೆಲ್‌ಗಳು ಅಲಬಾಮಾದ ಮರದ ಪಕ್ಕಗಳನ್ನು ಸೀಳಿಹಾಕಿದವು, ಎಂಜಿನ್ ಕೋಣೆಗೆ ನೀರು ನುಗ್ಗಿತು.

ಸರಪಳಿಯಿದ್ದದ್ದು ಸುಳ್ಳಲ್ಲ. ವಿನ್ಸ್‌ಲೋ ಸುಮಾರು ಒಂದು ವರ್ಷದ ಹಿಂದೆಯೇ ಎಂಜಿನ್ ಇದ್ದ ಭಾಗದ ಎರಡೂ ಪಕ್ಕಗಳಿಗೆ ಸರಪಳಿಯನ್ನು ಇಳಿಬಿಟ್ಟು ಮೇಲೆ ಹಲಗೆ ಹೊದಿಸಿದ್ದರು. ಯುದ್ಧನೌಕೆ ತನ್ನ ರಕ್ಷಣೆಗೆ ಇದ್ದುದರಲ್ಲೇ ಉಪಾಯ ಮಾಡಿಕೊಳ್ಳುವುದನ್ನು ಮೋಸವೆನ್ನಲು ಬರುವುದಿಲ್ಲ. ಸಾಲದ್ದಕ್ಕೆ ಸರಪಳಿಯಿದ್ದ ಜಾಗಕ್ಕೆ ತಗುಲಿದ ಗುಂಡುಗಳು ಬೆರಳೆಣಿಕೆಯವು. ನಿರ್ಣಾಯಕವಾಗಬಹುದಾಗಿದ್ದ ಏಟು ಬಿದ್ದದ್ದು ಬೇರೆಡೆ. ಅಲಬಾಮಾದ ಬ್ಲೇಕ್ಲಿ ತೋಪಿನ ಒಂದು ಶೆಲ್ ಕಿಯರ್ಸಾರ್ಜ್‌ನ ಹಿಂಭಾಗದಲ್ಲಿ ಚುಕ್ಕಾಣಿಯನ್ನು ಹಿಡಿದಿರುವ ದಪ್ಪ ಮರದ ಕಂಬಕ್ಕೆ ಬಂದು ನಾಟಿತು, ಆದರೆ ಸಿಡಿಯಲಿಲ್ಲ. ಸಿಡಿದಿದ್ದರೆ ಕಿಯರ್ಸಾರ್ಜ್ ಚುಕ್ಕಾಣಿ ಕಳೆದುಕೊಂಡು ಬಹುಶಃ ಮುಳುಗುತ್ತಿತ್ತು. ಎರಡು ವರ್ಷ ಉಷ್ಣವಲಯದ ತೇವದಲ್ಲಿದ್ದ ಮದ್ದು ಮತ್ತು ಫ್ಯೂಸುಗಳು ಕೆಟ್ಟಿದ್ದವು. ಆ ಏಪ್ರಿಲಿನಲ್ಲೇ ರಾಕಿಂಗ್‌ಹ್ಯಾಮ್ ಎಂಬ ಹಡಗನ್ನು ಗುರಿಯಾಗಿಟ್ಟು ಅಭ್ಯಾಸ ಮಾಡಿದಾಗ ಹಲವು ಶೆಲ್‌ಗಳು ಸಿಡಿದಿರಲಿಲ್ಲ. ಬಂದರು ಕಾಣದೆ ಸುತ್ತುವ ಸಾಮರ್ಥ್ಯ ಅಲಬಾಮಾದ ದೊಡ್ಡ ಬಲವಾಗಿತ್ತು. ಸ್ವಂತ ಬಂದರಿಲ್ಲದೆ ಸುತ್ತಿದ್ದೇ ಅದನ್ನು ಮುಳುಗಿಸಿತು ಎಂದು ನಾನು ತಿಳಿಯುತ್ತೇನೆ.

ಪ್ರಶ್ನೆ: ಸೆಮ್ಸ್ ಸೆರೆಯಾಳುಗಳನ್ನು ಕೊಲ್ಲದ ಸಜ್ಜನ ವೀರರೆಂಬ ಹೊಗಳಿಕೆ ಓದಿದ್ದೇನೆ. ನೀವು ಒಪ್ಪುವಿರಾ?
– ಶಾಲಾ ಶಿಕ್ಷಕರು, ಚಿತ್ರದುರ್ಗ

ಉತ್ತರ: ನಾವಿಕನಾಗಿ ಅವರ ಕೌಶಲ ದೊಡ್ಡದು, ಹಿಡಿದ ವ್ಯಾಪಾರಿ ಹಡಗುಗಳವರ ಪ್ರಾಣ ತೆಗೆಯಲಿಲ್ಲ ಎಂಬುದೂ ನಿಜ. ಆದರೆ ಆ ಹಡಗು ಯಾವ ವ್ಯವಸ್ಥೆಯ ಉಳಿವಿಗಾಗಿ ಕಡಲಿಗಿಳಿದಿತ್ತು ಎಂಬುದನ್ನು ಮರೆತು ಹೊಗಳಲು ನನಗೆ ಮನಸ್ಸಿಲ್ಲ. 1862ರ ಅಕ್ಟೋಬರಿನಲ್ಲಿ ಟೊನವಾಂಡಾ ಎಂಬ ಹಡಗನ್ನು ಹಿಡಿದಾಗ ಅದರಲ್ಲಿ ಡೇವಿಡ್ ವೈಟ್ ಎಂಬ, ಡೆಲವೇರ್‌ನ ಹದಿಹರೆಯದ ಕಪ್ಪು ಹುಡುಗನಿದ್ದ. ಉಳಿದವರನ್ನೆಲ್ಲ ಬಿಟ್ಟ ಸೆಮ್ಸ್ ಅವನೊಬ್ಬನನ್ನು ಶತ್ರುಪಕ್ಷದ ಗುಲಾಮ, ಅಂದರೆ ಶತ್ರುವಿನ ಸ್ವತ್ತು, ಎಂದು ಲೆಕ್ಕ ಹಾಕಿ ಇಟ್ಟುಕೊಂಡು ಅಧಿಕಾರಿಗಳ ಊಟದ ಮೇಜಿನ ಸೇವೆಗೆ ಹಚ್ಚಿದರು. ಈಜು ಬಾರದ ಆ ಹುಡುಗ ಶೆರ್ಬೂರ್ ಕಾಳಗದ ದಿನ ಮುಳುಗಿ ಸತ್ತ. ಗಾಯಾಳುಗಳನ್ನು ಬಿಟ್ಟು ಬರಲೊಪ್ಪದ ಇಂಗ್ಲಿಷ್ ವೈದ್ಯ ಡೇವಿಡ್ ಲೆವೆಲಿನ್ ಕೂಡ ಮುಳುಗಿದರು. ಸೆಮ್ಸ್ ತಮ್ಮ ಖಡ್ಗವನ್ನು ಸಮುದ್ರಕ್ಕೆಸೆದು ನೀರಿಗೆ ಹಾರಿದರು. ಹತ್ತಿರವಿದ್ದ ಡೀರ್‌ಹೌಂಡ್ ಎಂಬ ಇಂಗ್ಲಿಷ್ ವಿಹಾರನೌಕೆ ಅವರನ್ನು ಎತ್ತಿಕೊಂಡು ಸೌತಾಂಪ್ಟನ್‌ಗೆ ಒಯ್ದದ್ದರಿಂದ ಸೆರೆಯೂ ತಪ್ಪಿತು. ಅದೇ ಕಾಳಗದಲ್ಲಿ ಕಿಯರ್ಸಾರ್ಜ್‌ನ ತೋಪಿಗೆ ಗುಂಡು ತುಂಬುತ್ತಿದ್ದ ಜೋಕಿಮ್ ಪೀಸ್ ಎಂಬ ಕಪ್ಪು ನಾವಿಕರಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಸಂದಿತು. ಮಕ್ಕಳಿಗೆ ಈ ಕಾಳಗದ ಕತೆ ಹೇಳುವಾಗ ಸೆಮ್ಸ್ ಅವರ ಹೆಸರಿನ ಜೊತೆಗೆ ಡೇವಿಡ್ ವೈಟ್, ಜೋಕಿಮ್ ಪೀಸ್ ಈ ಇಬ್ಬರ ಹೆಸರನ್ನೂ ದಯವಿಟ್ಟು ಹೇಳಿ.

ಪ್ರಶ್ನೆ: ಮುಳುಗಿದ ಹಡಗು ಈಗ ಎಲ್ಲಿದೆ, ಯಾರಿಗೆ ಸೇರಿದ್ದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಶೆರ್ಬೂರ್ ಆಚೆ ಸುಮಾರು 60 ಮೀಟರ್ ಆಳದಲ್ಲಿದೆ. 1984ರಲ್ಲಿ ಫ್ರೆಂಚ್ ನೌಕಾಪಡೆಯ ಸಿರ್ಸೆ ಎಂಬ ಹಡಗು ಅದನ್ನು ಪತ್ತೆಹಚ್ಚಿತು. ಕಾಳಗ ನಡೆದ ಜಾಗ ಅಂದಿನ ಮೂರು ಮೈಲಿ ಗಡಿಯಾಚೆ ಇದ್ದರೂ ಇಂದಿನ ಹನ್ನೆರಡು ಮೈಲಿಯ ಲೆಕ್ಕದಲ್ಲಿ ಫ್ರಾನ್ಸಿನ ಸಮುದ್ರದೊಳಗಿದೆ. ಕಾನ್ಫೆಡರೇಟ್ ಸರ್ಕಾರದ ಸ್ವತ್ತೆಲ್ಲ ಯುದ್ಧಾನಂತರ ತನಗೆ ಬಂತೆಂಬ ಆಧಾರದ ಮೇಲೆ ಹಡಗು ತನ್ನದೆಂದು ಅಮೆರಿಕ ಹೇಳಿತು. 1989ರಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡು ಜಂಟಿಯಾಗಿ ಸಂಶೋಧನೆ ನಡೆಸಿದವು. ಅಲ್ಲಿನ ಉಬ್ಬರವಿಳಿತದ ಸೆಳೆತ ಬಲವಾದ್ದರಿಂದ ಮುಳುಗುಗಾರರಿಗೆ ಕೆಲಸ ಮಾಡಲು ಸಿಗುವ ಸಮಯ ತೀರ ಕಡಿಮೆ. ಆದರೂ ಬ್ಲೇಕ್ಲಿ ತೋಪನ್ನೂ ಹಡಗಿನ ಗಂಟೆಯನ್ನೂ ಮೇಲೆತ್ತಿದ್ದಾರೆ. ಅವಶೇಷಗಳೊಂದಿಗೆ ದೊರೆತ ಒಬ್ಬ ನಾವಿಕನ ಮೂಳೆಗಳನ್ನು 2007ರಲ್ಲಿ ಅಲಬಾಮಾ ರಾಜ್ಯದ ಮೊಬೀಲ್ ನಗರದಲ್ಲಿ ಮಣ್ಣು ಮಾಡಲಾಯಿತು.